ಶುಕ್ರವಾರ ತಿಕ್ಕುವ ಹಂಡೆ

ಮರಾಠಿ ನಾಡಿನ ನಿಗಡಿಯ ನಮ್ಮ ಕಟ್ಟಡದಲ್ಲಿ ನಾನು ಅತ್ಯಂತ ಸಮರ್ಥವಾಗಿ ಮಂಡಿಸಿ ಗೆದ್ದ ವಾದವೇ ತಪ್ಪಾಗಿತ್ತು. ಈಗ ನೆನೆದರೆ ನಗು ಬರುತ್ತದೆ. ಆ ವಾರ ಬಂದಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ದಿನಗಳು. ಕಟ್ಟಡದಲ್ಲಿ ಇಬ್ಬರಿಗೆ ಡೆಂಗಿ ಬಂದಿತ್ತು. ಅವರಲ್ಲಿ ಒಬ್ಬಳು ನನ್ನ ಹೆಂಡತಿ. ಅವಳು ಚೇತರಿಸಿಕೊಂಡು ಮತ್ತೆ ನನ್ನ ತಪ್ಪುಗಳನ್ನು ಎತ್ತಿ ತೋರಿಸಲಾರಂಭಿಸಿದ ಮೇಲೆ ನಾನು ಕಾರ್ಯಕ್ಕಿಳಿದೆ. ನೆರೆಯವರು ಸಂಜೆಯಾದೊಡನೆ ಕಿಟಕಿ ಮುಚ್ಚಿ, ಸೊಳ್ಳೆಬತ್ತಿ ಹಚ್ಚಿ ನಿಶ್ಚಿಂತರಾಗುತ್ತಿದ್ದರು. ಈ ಜ್ವರದ ಸೊಳ್ಳೆ ಹಗಲಿನಲ್ಲಿಯೇ ಕಚ್ಚುತ್ತದೆ, ಗಟಾರಕ್ಕಿಂತ ಮನೆಯೊಳಗೆ ನಿಂತ ತಿಳಿನೀರನ್ನೇ ಹುಡುಕುತ್ತದೆ, ಒಂದು ವಾರ ಕಳೆಯುವಷ್ಟರಲ್ಲಿ ಅದರ ಮೊಟ್ಟೆ ರೆಕ್ಕೆ ಪಡೆಯಬಲ್ಲದು ಎಂಬುದನ್ನು ಅವರಿಗೆ ತಿಳಿಸಬೇಕಿತ್ತು. ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಕರಪತ್ರ ಬರೆದು ಮನೆಮನೆಗೆ ಹಂಚಿದೆ. ಹಿಂದಿನ ಬೇಸಿಗೆಯಲ್ಲಿಯೂ ಹೀಗೆಯೇ ಹಂಚಿದ್ದೆ. ಆಗ ಹಂಚಿದ್ದು ಹಕ್ಕಿಗಳಿಗೆ ನೀರಿಡುವ ಮಣ್ಣಿನ ಬಟ್ಟಲುಗಳನ್ನು. ಬಹುತೇಕ ಎಲ್ಲ ಬಾಲ್ಕನಿಗಳಲ್ಲಿಯೂ ಅವು ಇನ್ನೂ ತೂಗುತ್ತಿದ್ದವು. ಆಫೀಸಿನಿಂದ ಮರಳುವಾಗ ತಲೆಯೆತ್ತಿ ಅವುಗಳನ್ನು ನೋಡಿ ಹೆಮ್ಮೆಪಡುವುದು ನನ್ನ ರೂಢಿ.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸಭೆ ಸೇರಿತು. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗಾಗಿ ಪಳಗಿಸಿಕೊಂಡ ನಾಲಿಗೆ ನನ್ನದು. ಅಲ್ಲಿ ಕಲಿತ ಮೊದಲ ಪಾಠ, ಶ್ರೋತೃಗಳ ಕಣ್ಣಿಗೆ ಕಾಣುವ ಒಂದು ವಸ್ತುವನ್ನು ಹಿಡಿದುಕೊಳ್ಳಬೇಕೆಂಬುದು. ಅಂದು ನಾನು ಹಿಡಿದುಕೊಂಡದ್ದು ಕೆಳಗಿನ ಮನೆಯ ಕಾಕೂ ಅವರ ತಾಮ್ರದ ಹಂಡೆಯನ್ನು.

ವಿಜಾಪುರದ ಕಡೆಯ ಆ ವೃದ್ಧೆ ಮಗನೊಂದಿಗೆ ಇದ್ದರು. ಇಡೀ ಕಟ್ಟಡ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ನಮ್ಮಲ್ಲಿ ನಲ್ಲಿಗೆ ನೀರು ದಿನ ಬಿಟ್ಟು ದಿನ ಬರುತ್ತದೆ. ಎಲ್ಲರೂ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತುಂಬಿಟ್ಟುಕೊಂಡರೆ, ಅವರು ತವರಿನಿಂದ ಬಂದ ಹಂಡೆಯಲ್ಲಿ ತುಂಬಿ ಬಾಲ್ಕನಿಯಲ್ಲಿ ಇಡುತ್ತಿದ್ದರು. ತುಂಬಿದ ಹಂಡೆ ಕಣ್ಣಿಗೆ ಬೀಳದಿದ್ದರೆ ಮನೆಯಲ್ಲಿ ಏನೋ ಇಲ್ಲವೆನ್ನಿಸುತ್ತದೆ ಎಂದು ಒಮ್ಮೆ ನನ್ನ ಹೆಂಡತಿಯ ಬಳಿ ಹೇಳಿದ್ದರಂತೆ.

ಯಾರ ಹೆಸರನ್ನೂ ಎತ್ತದೆ, ಬಾಲ್ಕನಿಯ ಕಡೆಗೆ ಕೈ ಮಾತ್ರ ತೋರಿಸಿ, ಸೊಳ್ಳೆ ಹುಟ್ಟುವುದು ಇಂಥ ತೆರೆದ ಪಾತ್ರೆಯ ನಿಂತ ನೀರಿನಲ್ಲಿಯೇ ಎಂದು ನಾನು ವಾದಿಸಿದೆ. ಚಪ್ಪಾಳೆ ಬಿತ್ತು. ನಿವೃತ್ತ ಗುಮಾಸ್ತರಾಗಿದ್ದ ನಮ್ಮ ಸೊಸೈಟಿಯ ಕಾರ್ಯದರ್ಶಿ, ಹಂಡೆಯನ್ನು ಒಂದು ವಾರದೊಳಗೆ ತೆಗೆಯಬೇಕೆಂದು ಬರೆದುಕೊಂಡರು. ಕಾಕೂ ಅವರ ಮಗ ತಲೆ ತಗ್ಗಿಸಿ, ಶನಿವಾರ ಅದನ್ನು ಕ್ಯಾಂಪ್ ಪೇಟೆಯ ಹಳೆಯ ಪಾತ್ರೆಯ ಅಂಗಡಿಗೆ ಕೊಟ್ಟುಬಿಡುವುದಾಗಿ ಒಪ್ಪಿದ. ಬಾಲ್ಕನಿಯಲ್ಲಿ ನಿಂತು ಕೇಳುತ್ತಿದ್ದ ಕಾಕೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮುಚ್ಚಿದ ಆ ಬಾಗಿಲು ನನ್ನನ್ನು ಕಾಡಿತು. ಬಲವಂತದಿಂದ ಆದ ಸುಧಾರಣೆ ಸುಧಾರಣೆಯಲ್ಲ ಎಂಬುದು ನನ್ನ ನಂಬಿಕೆ. ಹಂಡೆಯಲ್ಲಿ ಸೊಳ್ಳೆಮರಿಗಳನ್ನು ತೋರಿಸಿದರೆ ಅವರು ಮನಃಪೂರ್ವಕವಾಗಿ ಒಪ್ಪುತ್ತಾರೆಂದು ಲೆಕ್ಕ ಹಾಕಿ, ಶುಕ್ರವಾರ ಬೆಳಿಗ್ಗೆ ಟಾರ್ಚು ಮತ್ತು ಒಂದು ಬಿಳಿಯ ಮಗ್ಗು ಹಿಡಿದು ಕೆಳಗಿಳಿದೆ.

ಬಾಗಿಲು ತೆರೆದಿತ್ತು. ಕಾಕೂ ಬಾಲ್ಕನಿಯಲ್ಲಿ ಮಣೆಯ ಮೇಲೆ ಕೂತು, ಹಂಡೆಯನ್ನು ಓರೆಯಾಗಿಸಿಕೊಂಡು, ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ತೆಂಗಿನ ನಾರಿನಿಂದ ಒಳಗೆಲ್ಲ ತಿಕ್ಕುತ್ತಿದ್ದರು. ಹಂಡೆಯಿಂದ ಬಗ್ಗಿಸಿದ ನೀರು ಪಕ್ಕದ ಬಕೀಟಿನಲ್ಲಿತ್ತು. ಟಾರ್ಚು ಹಾಕಿದೆ. ಮಗ್ಗಿನಿಂದ ಮೂರು ಸಲ ಮೊಗೆದು ನೋಡಿದೆ. ಒಂದು ಮರಿಯೂ ಮಿಸುಕಲಿಲ್ಲ.

"ಭಾಷಣ ಭಾಳ ಛಲೋ ಮಾಡಿದ್ರಿ ತಮ್ಮಾ," ಎಂದರು, ಕೈ ನಿಲ್ಲಿಸದೆ. "ಆದ್ರ ಅದಕ್ಕೂ ಮೊದಲ ಒಮ್ಮೆ ಹಂಡೆದಾಗ ಇಣಿಕಿ ನೋಡಿದ್ರೇನು?"

ನೋಡಿರಲಿಲ್ಲ. ಲಕ್ಷ್ಮಿಪೂಜೆಯ ಶುಕ್ರವಾರ ತಾಮ್ರ ಹಿತ್ತಾಳೆಗಳನ್ನೆಲ್ಲ ಬೆಳಗುವುದು ಅವರ ಮನೆಯ ಪದ್ಧತಿ; ಒಂದು ವಾರವೂ ತಪ್ಪಿಲ್ಲವೆಂದರು. ನಾನು ಕೊಟ್ಟ ಹಕ್ಕಿಬಟ್ಟಲು ಅವರ ಗ್ರಿಲ್ಲಿನಲ್ಲಿ ಬೋರಲಾಗಿ ಕೂತಿತ್ತು. ಅದೇಕೆ ಹೀಗೆ ಎಂದು ಕೇಳಿದೆ.

"ಎರಡು ವಾರದಾಗ ಒಳಗ ಹುಳ ಕುಣೀಲಿಕ್ಕೆ ಹತ್ತಿದ್ವು. ಖರಖರಾ ಮಣ್ಣು, ಹುಣಸಿಹಣ್ಣಿಗೆ ಬಗ್ಗಂಗಿಲ್ಲ. ಡಬ್ಬು ಹಾಕಿದೆ. ನಿಮ್ಮದನ್ನ ಹೆಂಗ ತಿಕ್ಕತೀರಿ?"

ನಾನು ಟಾರ್ಚು ಹಿಡಿದು ನೇರವಾಗಿ ಮೇಲೆ ನಮ್ಮ ಬಾಲ್ಕನಿಗೆ ಬಂದೆ. ನನ್ನ ಬಟ್ಟಲಿಗೆ ಪ್ರತಿದಿನ ಬೆಳಿಗ್ಗೆ ಹಳೆಯ ನೀರಿನ ಮೇಲೆಯೇ ಒಂದು ಲೋಟ ಹೊಸ ನೀರು ಹೊಯ್ದು, ಹಕ್ಕಿಗೆ ಉಪಕಾರ ಮಾಡಿದೆನೆಂದು ಚಹಾ ಕುಡಿಯಲು ಹೋಗುತ್ತಿದ್ದೆ. ಟಾರ್ಚಿನ ಬೆಳಕು ಬಿದ್ದೊಡನೆ ಕೂದಲೆಳೆಯಂಥ ಮರಿಗಳು ಡೊಂಕಾಗಿ ಹೊರಳುತ್ತ ತಳಕ್ಕಿಳಿದವು. ಆ ಸೊಳ್ಳೆ ನೀರಿನಂಚಿಗೆ, ಪಾತ್ರೆಯ ಗೋಡೆಗೇ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಒಣಗಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ, ತಿಕ್ಕಿದರೆ ಮಾತ್ರ ಹೋಗುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದೆ. ನನ್ನ ಕರಪತ್ರ ನೀರು ಚೆಲ್ಲಿ ಎಂದಷ್ಟೇ ಹೇಳಿತ್ತು. ಹೆಂಡತಿಯ ಹಾಸಿಗೆ ಇದ್ದದ್ದು ಆ ಬಟ್ಟಲಿನ ಕಿಟಕಿಯ ಪಕ್ಕದಲ್ಲಿಯೇ. ಅವಳಿಗೆ ತೋರಿಸಿದೆ. ಅವಳು ನೋಡಿ, ನಾಳೆ ಹಂಡೆ ಹೋಗುತ್ತದಲ್ಲ ಎಂದಷ್ಟೇ ಅಂದಳು.

ಶನಿವಾರ ಬೆಳಿಗ್ಗೆ ಕಾಕೂ ಅವರ ಮಗ ಹಂಡೆಯನ್ನು ಗೋಣಿತಾಟಿನಲ್ಲಿ ಸುತ್ತಿ ಪಾರ್ಕಿಂಗಿಗೆ ತಂದಿಟ್ಟು ರಿಕ್ಷಾ ಕರೆಯಲು ಹೊರಟಿದ್ದ. ಅವನನ್ನು ತಡೆದು ನಿಲ್ಲಿಸಿದೆ. ಕಾರ್ಯದರ್ಶಿಯನ್ನೂ ಸಿಕ್ಕ ನೆರೆಯವರನ್ನೂ ಕರೆದು, ನನ್ನ ಬಟ್ಟಲನ್ನು ಹಂಡೆಯ ಪಕ್ಕದಲ್ಲಿಟ್ಟೆ. ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷದ ಪರವಾಗಿ ಬೇಕಾದರೂ ಮಾತಾಡಲು ಕಲಿಸಿದ್ದರು, ಸೋಲೊಪ್ಪಲು ಕಲಿಸಿರಲಿಲ್ಲ. ಮರಾಠಿಯಲ್ಲಿ ಮೂರೇ ವಾಕ್ಯ ಹೇಳಿದೆ: ಸೊಳ್ಳೆ ಹುಟ್ಟಿದ್ದು ಈ ಬಟ್ಟಲಿನಲ್ಲಿ, ಆ ಹಂಡೆಯಲ್ಲಲ್ಲ; ಇದನ್ನು ನಿಮ್ಮ ಮನೆಗಳಿಗೆ ತಂದವನು ನಾನು; ಕಾಕೂ ನನ್ನನ್ನು ಕ್ಷಮಿಸಬೇಕು.

ಕಾರ್ಯದರ್ಶಿ ಕನ್ನಡಕ ಸರಿಪಡಿಸಿಕೊಂಡು ಬಟ್ಟಲೊಳಗೆ ಬಗ್ಗಿ ನೋಡಿದರು. ಹಾಗಾದರೆ ಈ ವಾರ ಯಾರನ್ನು ಕಟ್ಟಡದಿಂದ ಹೊರಗೆ ಹಾಕೋಣ ಎಂದು ಕೇಳಿದರು. ಎಲ್ಲರೂ ನಕ್ಕರು, ಕಾಕೂ ಅವರ ಮಗನೂ ನಕ್ಕ. ಅವನೇ ಗೋಣಿತಾಟು ಬಿಚ್ಚಿದ. ಹಂಡೆಯ ಒಂದು ಕಡೆಯ ಹಿಡಿ ಅವನು, ಇನ್ನೊಂದು ಕಡೆಯದು ನಾನು ಹಿಡಿದು ಮನೆಗೆ ಹೊತ್ತೆವು. ಬಾಗಿಲಲ್ಲಿ ನಿಂತಿದ್ದ ಕಾಕೂ ದಾರಿ ಬಿಟ್ಟರು.

"ಇವತ್ತಿನ ಭಾಷಣ ಸಣ್ಣದಿತ್ತು," ಎಂದರು. "ಹೋದ ವಾರದ್ದಕ್ಕಿಂತ ಛಲೋ."

ಅಂದು ಮಧ್ಯಾಹ್ನ ಕಾರ್ಯದರ್ಶಿ ಮತ್ತು ನಾನು ಮನೆಮನೆಗೆ ಹೋಗಿ ಬಟ್ಟಲುಗಳನ್ನು ಇಳಿಸಿದೆವು. ಹಲವು ಬಟ್ಟಲುಗಳಲ್ಲಿ ಮರಿಗಳಿದ್ದವು. ಹಕ್ಕಿಗಳನ್ನು ಬಾಯಾರಿಕೆಯಲ್ಲಿ ಬಿಡುವ ಮನಸ್ಸಿಲ್ಲದೆ, ನುಣುಪಾದ ಸ್ಟೀಲಿನ ತಟ್ಟೆಗಳನ್ನು ಇಡಿಸಿದೆವು. ಶುಕ್ರವಾರವೇ ಎಲ್ಲರ ತಿಕ್ಕುವ ದಿನವಾಯಿತು. ಪೂಜೆ ಇರುವವರೂ ಇಲ್ಲದವರೂ ಅಂದು ಬೆಳಿಗ್ಗೆ ಡ್ರಮ್ಮು, ತಟ್ಟೆ, ಕೂಲರಿನ ತೊಟ್ಟಿ ತಿಕ್ಕುವ ಸದ್ದು ಎಲ್ಲ ಮಹಡಿಗಳಿಂದ ಕೇಳಿಬರುತ್ತದೆ. ಅದು ನನಗೆ ಭಾನುವಾರದ ಚಪ್ಪಾಳೆಗಿಂತ ಹೆಚ್ಚು ಹಿತವೆನಿಸುತ್ತದೆ.

ಮೊದಲ ಶುಕ್ರವಾರ ಕಾಕೂ ತಾವೇ ಒಂದು ಹಿಡಿ ಹುಣಸೆಹಣ್ಣು ಹಿಡಿದು ನಮ್ಮ ಮನೆಗೆ ಬಂದಿದ್ದರು. ನಾನು ತಿಕ್ಕಿಟ್ಟ ತಟ್ಟೆಯನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಮರಳಿಸಿದರು.

"ಅಂಚು ಉಳೀತು ತಮ್ಮಾ."

ನಾನು ಮತ್ತೆ ಕೂತು ಅಂಚು ತಿಕ್ಕಿದೆ.