ಅಜ್ಜಿ ಒಡ್ಡಿದ ಪಂದ್ಯ

"ಮೊದ್ಲು ನನ್ನ ಸೋಲ್ಸು, ಆಮೇಕೆ ತಗೊಂಡೋಗವ್ವ!" ಕೂಟಗಲ್ಲು ಹಳ್ಳಿಯ ಅಜ್ಜಿಯೊಬ್ಬರು ಟಿ.ವಿ. ಮುಂದೆ ಚಾಪೆ ಹಾಸಿ ನನ್ನ ಕೈಗೊಂದು ಜಾಯ್‌ಸ್ಟಿಕ್ ಕೊಟ್ಟರು. ಹಳೆಯ ವಿಡಿಯೋ ಗೇಮ್‌ಗಳನ್ನು ಕೊಂಡು ಮಾರುವ ನಾನು, ಅವರಲ್ಲಿದ್ದ ಅಪರೂಪದ ಗೇಮ್ ಪೆಟ್ಟಿಗೆಯನ್ನು ಕೊಳ್ಳಲು ಚನ್ನಪಟ್ಟಣದಿಂದ ಹೋಗಿದ್ದೆ. ಅಜ್ಜಿ ಹಸುವಿಗೆ ಹುಲ್ಲು ಹಾಕಿ ಬಂದು ದಿನವೂ ಅದರಲ್ಲಿ ಕಾರ್ ರೇಸ್ ಆಡುತ್ತಾರಂತೆ. ನನ್ನ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿತು.

"ಇಷ್ಟೊಂದ್ ಮಾರ್ತೀಯ, ಒಂದ್ನೂ ಆಡಿಲ್ವಾ? ಒಳ್ಳೆ ಯಾಪಾರ ಬುಡವ್ವ!" ಎಂದು ಅಜ್ಜಿ ನಕ್ಕರು. ನಿಜ, ಬಳಸಿದರೆ ಬೆಲೆ ಬೀಳುತ್ತದೆಂದು ನಾನು ಯಾವುದನ್ನೂ ಆಡಿದವಳಲ್ಲ.

ಅಂದು ಮನೆಗೆ ಬಂದು ಪಾತ್ರೆ ತೊಳೆದಿಟ್ಟು, ಸೀಲ್ ಒಡೆಯದೆ ಕಾಪಾಡಿದ್ದ ನನ್ನದೇ ಒಂದು ಕಾರ್ ರೇಸ್ ಪೆಟ್ಟಿಗೆಯನ್ನು ಬಿಚ್ಚಿದೆ. ಅದಕ್ಕಿನ್ನು ಒಳ್ಳೆಯ ಗಿರಾಕಿ ಸಿಗುವುದಿಲ್ಲ. ಹೋಗಲಿ. ದಿನವೂ ಅಭ್ಯಾಸ ನಡೆದಿದೆ, ಗೋಡೆಗೆ ಗುದ್ದುವುದು ಕಡಿಮೆಯಾಗಿದೆ. ಈ ಭಾನುವಾರ ಮತ್ತೆ ಕೂಟಗಲ್ಲಿಗೆ ಹೊರಟಿದ್ದೇನೆ.