ಪಕ್ಕದ್ಮನೆ ಆಂಟಿಗೆ ಸಿಕ್ಕಿದ ಡೈಲಾಗು

ತಣಿಸಂದ್ರದ ಹಳೇ ಊರಿನ ಮುನಿವೆಂಕಟಮ್ಮನಿಗೆ ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ: "ನೀವು ಆ ಸೀರಿಯಲ್ಲಲ್ಲಿ ಬಾಯ್ಮೇಲೆ ಕೈ ಇಟ್ಕೊಳ್ಳೋರಲ್ವಾ?" ಆಗ ಆಕೆಗೆ ಎಲೆಯ ಮೇಲಿನ ಹೋಳಿಗೆ ಮರೆತುಹೋಗುತ್ತದೆ. "ನಮ್ ಡೈರೆಕ್ಟ್ರು ನಿರಂಜನ್ ಅಂತ..." ಎಂದು ಶುರು ಮಾಡಿದಳೆಂದರೆ, ಕೇಳಿದವರು ಪಾಯಸ ಮುಗಿಸಿ ಎದ್ದು ಕೈತೊಳೆದು ಬಂದರೂ ಮುಗಿಯುವುದಿಲ್ಲ.

ಆಕೆ ನಟಿಯಾದದ್ದು ಜಗಳಕ್ಕೆ ಹೋಗಿ. ಮಗ ಹೊಸದಾಗಿ ಕಟ್ಟಿಸಿದ ಮನೆಯನ್ನು ಧಾರಾವಾಹಿಯವರಿಗೆ ಬಾಡಿಗೆಗೆ ಕೊಟ್ಟಿದ್ದ. ಎಂಥ ಮನೆ ಅಂತ ಗೊತ್ತಲ್ಲ, ಹಜಾರದ ನಡುವೆ ಸುತ್ತಿಕೊಂಡು ಹತ್ತುವ ಮೆಟ್ಟಿಲು. ಅತ್ತೆ ಇಳಿದು ಬರುವುದಕ್ಕೂ ಸೊಸೆ ಉರುಳಿ ಬೀಳುವುದಕ್ಕೂ ಅನುಕೂಲ. ಪಕ್ಕದ ಹಳೇ ಮನೆಯಲ್ಲಿದ್ದ ಮುನಿವೆಂಕಟಮ್ಮ ಒಂದು ಬೆಳಿಗ್ಗೆ ಅಲ್ಲಿಗೆ ಕಾಲಿಟ್ಟರೆ, ಯಾರೋ ತೇಗದ ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದಾರೆ! ಆಕೆಯ ಕಣ್ಣು ಅಗಲವಾದವು, ಬಾಯಿ ತೆರೆಯಿತು, ಕೈ ತಾನಾಗಿ ಬಾಯಿಗೆ ಹೋಯಿತು. ಬೈಗುಳ ಹೊರಬೀಳುವ ಮೊದಲೇ ನಿರ್ದೇಶಕ ನಿರಂಜನ್ ಕೂಗಿದ: "ಅಮ್ಮಾ, ಹಂಗೇ ಇರಿ! ಏಯ್, ಕ್ಯಾಮೆರಾ ಈ ಕಡೆ ತಿರುಗ್ಸೋ!" ಬಾಗಿಲಿಗೆ ಮೊಳೆ ಗಟ್ಟಿಯಾಯಿತು, ಮುನಿವೆಂಕಟಮ್ಮನಿಗೆ ಪಕ್ಕದ್ಮನೆ ಆಂಟಿಯ ಪಾತ್ರ ಗಟ್ಟಿಯಾಯಿತು.

ಅಂದಿನಿಂದ ಸೊಸೆ ಮನೆ ಬಿಟ್ಟು ಹೋದರೂ ಆಕೆಯ ಮುಖ, ಸತ್ತವನು ಬದುಕಿ ಬಂದರೂ ಆಕೆಯ ಮುಖ, ಹಿಂದೆ ಗುಡುಗಿನ ಸದ್ದು. ಮಾತು ಮಾತ್ರ ಇಲ್ಲ. ಆದರೆ ಬೆಚ್ಚಿಬೀಳಿ ಎಂದರೆ ಬೀಳಲು ಬರಬೇಕಲ್ಲ? ಹಲ್ಲುನೋವು ಬಂದವಳ ಹಾಗೆ ಕಾಣುತ್ತಿದ್ದಳು. ಅದಕ್ಕೆ ನಿರಂಜನ್ ಒಂದು ಉಪಾಯ ಕಂಡುಕೊಂಡ. ಕ್ಯಾಮೆರಾ ಓಡುತ್ತಿರುವಾಗಲೇ "ಅಮ್ಮಾ, ನಿಮ್ ಸಂಪು ತುಂಬಿ ಹರೀತಿದೆ!" ಎಂದು ಅರಚುವುದು. ಇನ್ನೊಂದು ದಿನ "ನಿಮ್ ಹಸು ಅಪಾರ್ಟ್‌ಮೆಂಟ್ ಲಿಫ್ಟಿಗೆ ನುಗ್ಬಿಡ್ತು!" ಲಿಫ್ಟಿಗೆ ಹಸು ನುಗ್ಗುವುದುಂಟೇ? ಆಕೆ ಪ್ರತಿ ಸಲವೂ ನಂಬಿದಳು.

ದಿನಾ ಹೀಗೆ ಗೋಳುಹೊಯ್ದುಕೊಳ್ಳುವ ಆ ಮನುಷ್ಯನೆಂದರೆ ಮುನಿವೆಂಕಟಮ್ಮನಿಗೆ ಪ್ರಾಣ. ಮನೆಯಲ್ಲಿ ಎಲ್ಲರೂ ಫೋನು ನೋಡಿಕೊಂಡೇ ಆಕೆಗೆ ಹ್ಞೂಂಗುಟ್ಟುತ್ತಿದ್ದ ಕಾಲದಲ್ಲಿ, ಅವನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಆಕೆಯ ಮುಖವನ್ನೇ ನೋಡುತ್ತಿದ್ದ. "ಆರ್ಟಿಸ್ಟಿಗೆ ಮೊದ್ಲು ಟೀ ಕೊಡ್ರೋ" ಎನ್ನುತ್ತಿದ್ದ. ಆಕೆಯನ್ನು ಆರ್ಟಿಸ್ಟ್ ಎಂದು ಕರೆದವನು ಭೂಮಿಯ ಮೇಲೆ ಅವನೊಬ್ಬನೇ.

ಆಕೆಗೆ ಇದ್ದದ್ದು ಒಂದೇ ಆಸೆ.

"ನಂಗೂ ಒಂದು ಡೈಲಾಗ್ ಕೊಡಿ ಡೈರೆಕ್ಟ್ರೆ. ಮೂಗಿ ಅನ್ಕೊಂಡವ್ರೆ ಜನ."

"ನಾನು ಸುಳ್ಳು ಹೇಳ್ದಾಗ ನೀವು ಬೆಚ್ಚದೇ ಇರೋ ದಿನ ಕೊಡ್ತೀನಿ ಅಮ್ಮಾ. ಅವತ್ತು ನಿಮ್ ಮುಖ ನಿಮ್ ಕೈಗೆ ಬಂತು ಅಂತ ಅರ್ಥ."

ಸರಿ, ಅಭ್ಯಾಸ ಶುರುವಾಯಿತು. ಆಕೆಯ ಸೊಸೆ ವೇದಾ ತಾರಸಿಯಿಂದ "ಅತ್ತೇ, ಕೋತಿ ಅಡುಗೆಮನೆಗೆ ನುಗ್ತು!" ಎಂದು ಕೂಗಬೇಕು, ಕೆಳಗೆ ಮುನಿವೆಂಕಟಮ್ಮ ಕಂಬದಂತೆ ಕೂತಿರಬೇಕು. ಕೂತಳು. ಒಂದು ದಿನ ಕೋತಿ ನಿಜಕ್ಕೂ ನುಗ್ಗಿತು. ಆಗಲೂ ಕೂತಳು. ಅದು ಬಾಳೆಹಣ್ಣಿನ ಚಿಪ್ಪನ್ನು ಎತ್ತಿಕೊಂಡು ಆಕೆಯ ಮುಂದೆಯೇ ಗತ್ತಿನಿಂದ ನಡೆದುಹೋಯಿತು. ವೇದಾ ಕೆಳಗಿಳಿದು ಬಂದು ಏನೆಂದಳು ಎನ್ನುವುದನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ ನಿರಂಜನ್, "ಅಮ್ಮಾ, ನಿಮ್ ಮಗ ಜಮೀನೆಲ್ಲಾ ಮಾರ್ಬಿಟ್ನಂತೆ!" ಎಂದ. ಆಕೆಯ ರೆಪ್ಪೆ ಮಿಟುಕಲಿಲ್ಲ.

"ಮಾರ್ಲಿ ಬುಡಿ," ಅಂದಳು.

ಸೆಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು. ಡೈಲಾಗು ಸಿಕ್ಕಿಯೇಬಿಟ್ಟಿತು. ನಾಳೆ ಅತ್ತೆಯ ಪಾತ್ರದ ಎದುರು ನಿಂತು ಹೇಳಬೇಕು: "ನಿಮ್ಮ ಸೊಸೇನ ಬಸ್ ಸ್ಟಾಪಲ್ಲಿ ಕಣ್ಣಾರೆ ನೋಡ್ದೆ ಕಣ್ರೀ, ಜೊತೇಲಿ ಇನ್ಯಾರೋ ಇದ್ದ!" ಸಂಜೆಯೆಲ್ಲ ಮನೆ ತುಂಬ ಇದನ್ನೇ ಹೇಳಿಕೊಂಡು ಓಡಾಡಿದ್ದನ್ನು ಕೇಳಿ ಕೇಳಿ, ಮಗ ವೇದಾಳನ್ನು ಒಂದು ಥರಾ ನೋಡತೊಡಗಿದ.

ಮಾರನೇ ದಿನ ರೇಷ್ಮೆ ಸೀರೆ ಉಟ್ಟು ಹೋದರೆ ನಿರಂಜನ್ ಬಾಗಿಲಲ್ಲೇ ನಿಂತಿದ್ದ.

"ಅಮ್ಮಾ, ಸೀರಿಯಲ್ ನಿಲ್ಲಿಸ್ಬಿಟ್ರು. ಚಾನೆಲ್‌ನೋರು ಈಗ ಫೋನ್ ಮಾಡಿದ್ರು."

ಮುನಿವೆಂಕಟಮ್ಮ ಗೆದ್ದವಳಂತೆ ನಕ್ಕಳು. "ನನ್ತಾವ ನಡ್ಯಾಕಿಲ್ಲ ಡೈರೆಕ್ಟ್ರೆ. ಈಗ ಮುಖ ನನ್ ಕೈಲೈತೆ."

ನಿರಂಜನ್ ನಗಲಿಲ್ಲ. ಅವನ ಹಿಂದೆ ಲೈಟುಗಳನ್ನು ವ್ಯಾನಿಗೆ ತುಂಬುತ್ತಿದ್ದರು. ಕ್ಯಾಮೆರಾ ಆಗಲೇ ಪೆಟ್ಟಿಗೆ ಸೇರಿತ್ತು. ಆಕೆಯ ನಗು ನಿಂತಿತು.

"ಬಾಯಿಪಾಠ ಮಾಡಿದ್ನಲ್ಲಪ್ಪಾ," ಅಂದಳು.

ನಿರಂಜನ್ ಒಳಗೆ ಹೋಗಿ, ಅತ್ತೆ ನಿಲ್ಲುವ ಜಾಗದಲ್ಲಿ, ಮೆಟ್ಟಿಲ ಬುಡದಲ್ಲಿ ತಾನೇ ನಿಂತ. ಹೆಗಲ ಮೇಲಿನ ಟವೆಲನ್ನು ಸೆರಗಿನ ಹಾಗೆ ಹೊದ್ದುಕೊಂಡ. "ಹೇಳಿ ಅಮ್ಮಾ. ಆಕ್ಷನ್."

ಆಕೆ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ನಿರಂಜನ್ ಬಾಯಿ ತೆರೆದು, ಕಣ್ಣು ಅಗಲಿಸಿ, ಕೈಯನ್ನು ಬಾಯಿಗೆ ಒಯ್ದ. ಅಷ್ಟರಲ್ಲಿ ಕಣ್ಣು ತುಂಬಿ ಬಂದು ಎಲ್ಲಾ ಕೆಟ್ಟುಹೋಯಿತು. "ಒಂದೇ ಟೇಕಿಗೆ ಓಕೆ ಅಮ್ಮಾ," ಎನ್ನುತ್ತ ಅದೇ ಸೆರಗಿನಲ್ಲಿ ಮುಖ ಒರೆಸಿಕೊಂಡ. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ.

ಮುನಿವೆಂಕಟಮ್ಮ ನಿಂತ ಜಾಗ ಬಿಟ್ಟು ಕದಲಲಿಲ್ಲ.

"ಎಲ್ಲಿ ಓಕೆ? ನಿಮ್ ಮುಖ ಸರಿಬರ್ನಿಲ್ಲ ಡೈರೆಕ್ಟ್ರೆ," ಅಂದಳು. "ಇನ್ನೊಂದು ಕಿತ ಮಾಡಾನ."