ಕವಳದ ತಟ್ಟೆ ಒಂದನ್ನು ಬಿಟ್ಟು

ನಮ್ಮನೆಯವರಿಗೆ ಬಾಯಿ ಉರಿ ಶುರುವಾದದ್ದು ಒಂದು ಮಧ್ಯಾಹ್ನದ ಊಟದಲ್ಲಿ. ಲೋಟಗಟ್ಟಲೆ ಮಾವಿನಮಿಡಿಯ ಅಪ್ಪೆಹುಳಿ ಕುಡಿದು, ಸೂಜಿಮೆಣಸು ಸಾಲಲಿಲ್ಲ ಎಂದು ನನ್ನ ಮೇಲೆ ಮುಖ ಊದಿಸುತ್ತಿದ್ದ ಮನುಷ್ಯ, ಅವತ್ತು ಮೊದಲ ಗುಟುಕಿಗೇ ಕಣ್ಣಲ್ಲಿ ನೀರು ತುಂಬಿಕೊಂಡು ಲೋಟ ಕೆಳಗಿಟ್ಟರು. ಮರುದಿನ ತಂಬುಳಿಯೂ ಉರಿಯಿತು. ಆಮೇಲಾಮೇಲೆ ಮೊಸರನ್ನ ಬಿಟ್ಟು ಬೇರೇನೂ ಸೇರದಾಯಿತು. ಬೇರೆ ಯಾರಾದರೂ ಆಗಿದ್ದರೆ ಬಸ್ಸು ಹತ್ತಿ ಶಿರಸಿ ಪೇಟೆಗೆ ಹೋಗಿ ವೈದ್ಯರಿಗೆ ಬಾಯಿ ತೋರಿಸುತ್ತಿದ್ದರು. ಇವರು ಮೊಬೈಲನ್ನು ಕೇಳಿದರು. ನಿಮ್ಮ ಮನೆಯ ತುಂಬ ವಿಷವಿದೆ, ಮೊದಲು ಅದನ್ನು ಹೊರಗೆ ಹಾಕಿ ಎಂದು ಮೊಬೈಲು ಹೇಳಿತು.

ಇವರು ಬ್ಯಾಂಕಿನಿಂದ ನಿವೃತ್ತರಾಗಿದ್ದರು. ಇಸಳೂರಿನಲ್ಲಿ ಹೊಸ ಮನೆ, ಕೈತುಂಬ ಬಿಡುವು. ನಿವೃತ್ತ ಗಂಡಸಿಗೆ ಒಂದು ಧ್ಯೇಯ ಸಿಕ್ಕಿತೆಂದರೆ ಹೆಂಡತಿಯ ಗತಿ ಏನಾಗುತ್ತದೆ ಎಂಬುದನ್ನು ಅನುಭವಿಸಿದವರೇ ಹೇಳಬೇಕು.

ಮೊದಲು ಹೋದದ್ದು ಟೂತ್‌ಪೇಸ್ಟು. ಬಾಯಿ ಉರಿಗೆ ಅದೇ ಮೂಲ ಎಂದು ತೀರ್ಮಾನವಾಗಿ, ಇಬ್ಬರೂ ಇದ್ದಿಲ ಪುಡಿಗೆ ಉಪ್ಪು ಬೆರೆಸಿ ಹಲ್ಲುಜ್ಜತೊಡಗಿದೆವು. ಬೆಳಿಗ್ಗೆ ಹಾಲು ತರುವವನು ನನ್ನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಉರಿ ಕಡಿಮೆಯಾಗಲಿಲ್ಲ. ಹಾಗಾದರೆ ನಾನ್‌ಸ್ಟಿಕ್ ಕಾವಲಿಯದೇ ಕೆಲಸ ಎಂದು ಅದೂ ಹೋಯಿತು. ಕಬ್ಬಿಣದ ಕಾವಲಿ ಬಂತು, ಒಂದು ತಿಂಗಳು ನಾವು ದೋಸೆಯನ್ನು ತಿನ್ನಲಿಲ್ಲ, ಕೆರೆದೆವು. ಅದರ ಹಿಂದೆಯೇ ಪ್ಲಾಸ್ಟಿಕ್ ಡಬ್ಬಗಳು, ಸೊಳ್ಳೆ ಓಡಿಸುವ ಯಂತ್ರ, ಸಾಬೂನು, ಪರಿಮಳದ ಊದುಬತ್ತಿ, ನನ್ನ ಮದುವೆಯ ಕಾಲದಿಂದ ನಾನು ನಂಬಿಕೊಂಡು ಬಂದ ಪೌಡರು. ಬಟ್ಟೆಗೆ ಅಂಟುವಾಳ, ತಲೆಗೆ ಸೀಗೆ, ಸೊಳ್ಳೆಗೆ ಬೇವಿನ ಹೊಗೆ. ಹೊಗೆಗೆ ಸೊಳ್ಳೆ ಒಳಗೇ ಉಳಿದು ನಾವು ಹೊರಗೆ ಓಡುತ್ತಿದ್ದೆವು.

ಫಿನಾಯಿಲಿನ ಬದಲಿಗೆ ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಹಾಕಿ ದೊಡ್ಡ ಭರಣಿಯಲ್ಲಿ ಕೊಳೆಸಬೇಕಂತೆ. ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕೆಂದೂ ಇತ್ತಂತೆ. ಮೊಬೈಲಿನಲ್ಲಿ ಆ ಭಾಗ ಬರುವಾಗ ಇವರು ಬಾಯಲ್ಲಿದ್ದ ಎಲೆಯಡಕೆಯ ಕವಳ ಉಗಿಯಲು ಹೊರಗೆ ಹೋಗಿದ್ದರು. ಒಂದು ಸಂಜೆ ಭರಣಿಯ ಮುಚ್ಚಳ ಹಾರಿ ಚಾವಣಿಗೆ ಬಡಿಯಿತು. ಪಕ್ಕದ ಮನೆಯವರು ಗ್ಯಾಸ್ ಸಿಲಿಂಡರೇ ಹೋಯಿತೆಂದು ಓಡಿ ಬಂದರೆ, ಗೋಡೆಯ ಮೇಲಿದ್ದ ನಮ್ಮ ಅತ್ತೆ ಮಾವನ ಫೋಟೋಕ್ಕೆ ಕಿತ್ತಳೆ ಸಿಪ್ಪೆಯ ಹಾರ ಬಿದ್ದಿತ್ತು. ಆ ಕಲೆ ಚಾವಣಿಯ ಮೇಲೆ ಈಗಲೂ ಇದೆ. ಅದನ್ನು ಒರೆಸಲು ಫಿನಾಯಿಲ್ ಬೇಕು.

ಇಷ್ಟೆಲ್ಲ ಹೊರಗೆ ಹೋಗುವಾಗ ಜಾಗ ಬಿಟ್ಟು ಕದಲದೆ ಉಳಿದದ್ದು ನಡುಮನೆಯ ಟೀಪಾಯಿ ಮೇಲಿನ ಹಿತ್ತಾಳೆಯ ಕವಳದ ತಟ್ಟೆ. ಎಲೆ, ಅಡಕೆ, ಸುಣ್ಣ, ತಂಬಾಕು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸರಿಗೆ ಏನು ಬೇಕು ಎಂದು ಕೇಳಿ ಕುಡಿಯಲು ಕೊಡುವುದು, ಆಮೇಲೆ ಈ ತಟ್ಟೆಯನ್ನು ಮುಂದೆ ಸರಿಸುವುದು. ಸರಿಸದಿದ್ದರೆ ಆ ಮನೆಯಲ್ಲಿ ಮರ್ಯಾದೆ ಇಲ್ಲ ಎಂದು ಮೂರು ತಾಲೂಕಿಗೂ ಸುದ್ದಿಯಾಗುತ್ತದೆ. ನಮ್ಮನೆಯವರು ಬೆಳಿಗ್ಗೆ ಕಣ್ಣುಬಿಟ್ಟಾಗಿನಿಂದ ಮಲಗುವವರೆಗೆ ತಮಗೆ ತಾವೇ ಈ ಮರ್ಯಾದೆ ಮಾಡಿಕೊಳ್ಳುತ್ತಿದ್ದರು. ಬಂದವರಿಗೆ ವಿಷಮುಕ್ತ ಬದುಕಿನ ಬಗ್ಗೆ ಹೇಳುವಾಗಲೂ ಕವಳ ಚೆಲ್ಲದಂತೆ ಗಲ್ಲ ಮೇಲೆತ್ತಿಕೊಂಡೇ ಹೇಳುತ್ತಿದ್ದರು. ಮಾತು ಬಿಸಿಯೇರಿದಾಗ ಕೈಯಲ್ಲೇ ತಡೆಯಿರಿ ಎಂದು ಸನ್ನೆ ಮಾಡಿ, ಹೊರಗೆ ಹೋಗಿ ದಾಸವಾಳದ ಬುಡಕ್ಕೆ ಉಗಿದು ಬಂದು, ಪ್ಲಾಸ್ಟಿಕ್ಕಿನ ದುಷ್ಪರಿಣಾಮವನ್ನು ಮುಂದುವರಿಸುತ್ತಿದ್ದರು.

ನಾನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ.

"ಅಲ್ದಾ, ಎಲ್ಲಾ ಹೊರಗೆ ಹಾಕಿ ಆತು. ಈ ತಟ್ಟೆ ಒಂದು ಎಂತಕ್ಕೆ ಇಲ್ಲಿದ್ದು?" ಎಂದು ಕೇಳಿದೆ.

"ಅದು ಬೇರೆ," ಎಂದರು.

"ಬೇರೆ ಎಂತದು? ನಿಂಗಳ ಬಾಯಲ್ಲಿ ದಿನಾ ಇಪ್ಪದು ಅದೇಯ."

"ಕವಳ ವಿಷ ಆಗಿದ್ರೆ ನಮ್ಮ ಅಜ್ಜ ಅಷ್ಟು ವರ್ಷ ಬದುಕ್ತಿದ್ನಾ?"

ಅಜ್ಜ ಬದುಕಿದ್ದೇನೋ ನಿಜ. ಕೊನೆಯ ವರ್ಷ ಬಾಯಿ ಅಗಲಿಸಲಾಗದೆ ಗಂಜಿಯನ್ನೂ ಹೀರಿ ಕುಡಿಯುತ್ತಿದ್ದರು ಎಂದು ಅತ್ತೆ ಹೇಳಿದ್ದು ನನಗೆ ನೆನಪಿತ್ತು. ವಯಸ್ಸಾಯಿತಲ್ಲ, ಅದಕ್ಕೆ ಎಂದುಕೊಂಡಿದ್ದರಂತೆ ಮನೆಯವರೆಲ್ಲ.

ನನ್ನ ಅಣಕ ನಿಂತದ್ದು ಒಂದು ಲಾಡಿನ ಎದುರು. ಯಾವುದೋ ಉಪನಯನದ ಊಟದಲ್ಲಿ ಲಾಡು ಬಡಿಸಿದರು. ಲಾಡನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದರಲ್ಲಿ ಇವರು ಹೆಸರಾದವರು. ಅವತ್ತು ಬಾಯಿ ತೆರೆದರು, ಲಾಡು ಒಳಗೆ ಹೋಗಲಿಲ್ಲ. ತಲೆ ತಗ್ಗಿಸಿ, ಯಾರಿಗೂ ಕಾಣದಂತೆ ಬಾಳೆಎಲೆಯಲ್ಲೇ ಅದನ್ನು ಪುಡಿ ಮಾಡಿ, ಚಿಟಿಕೆ ಚಿಟಿಕೆಯಾಗಿ ತಿಂದರು. ಎದುರಿನ ಸಾಲಿನಲ್ಲಿದ್ದ ನನಗೆ ಕಂಡಿತು. ನನಗೆ ಭಯವಾಯಿತು.

ಮರುದಿನವೇ ಜಗಳ ಮಾಡಿ ಹಲ್ಲಿನ ವೈದ್ಯರಲ್ಲಿಗೆ ಎಳೆದುಕೊಂಡು ಹೋದೆ. ಆಕೆ ಯಲ್ಲಾಪುರದ ಸಾಬರ ಮನೆಯ ಹುಡುಗಿ, ತಂದೆಯದು ಲಾರಿ ವ್ಯವಹಾರ.

"ಏನಾದ್ರೂ ಚಟ ಇದೆಯಾ?" ಎಂದು ಕೇಳಿದರು.

"ಛೆ ಛೆ, ಎಂತದೂ ಇಲ್ಲ. ಚಹ ಸಹ ಬಿಟ್ಟಿದ್ದೇನೆ," ಎಂದರು ಇವರು, ಕೆಂಪು ಹಲ್ಲು ಕಾಣುವಂತೆ ನಗುತ್ತ.

"ಮತ್ತೆ ಈ ಕೆಂಪು?"

"ಇದಾ? ಇದು ಕವಳ."

"ಅದು ಚಟ ಅಲ್ವಾ ಸರ್?"

"ಅಲ್ಲ ಮೇಡಂ. ಅದು ಊಟ ಆದ್ಮೇಲೆ ಹಾಕೋದು."

ಸುಳ್ಳು ಹೇಳುತ್ತಿರಲಿಲ್ಲ ಪಾಪ. ಇವರ ಲೆಕ್ಕದಲ್ಲಿ ಚಟವೆಂದರೆ ಬೀಡಿ, ಹೆಂಡ, ಇಸ್ಪೀಟು.

ವೈದ್ಯೆ ನಗಲಿಲ್ಲ. ಮೂರು ಬೆರಳು ಜೋಡಿಸಿ ಒಂದರ ಮೇಲೊಂದು ಬರುವಂತೆ ಬಾಯೊಳಗೆ ಇಟ್ಟುಕೊಳ್ಳಿ ಎಂದರು. ಸಾಮಾನ್ಯವಾಗಿ ಎಲ್ಲರಿಗೂ ಹೋಗಬೇಕಂತೆ. ಇವರಿಗೆ ಎರಡು ಹೋಯಿತು. ಮೂರನೆಯದು ತುಟಿಯ ಹೊರಗೇ ಉಳಿಯಿತು.

"ನಮ್ಮ ಅಪ್ಪನ ಲಾರಿ ಅಡಕೆ ಸಾಗಿಸಿದ ದುಡ್ಡಲ್ಲೇ ನಾನೂ ಓದಿದ್ದು ಸರ್. ಅಡಕೆ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ನಿಮ್ಮ ಕೆನ್ನೆ ಒಳಗೆ ಗಟ್ಟಿಯಾಗ್ತಾ ಇದೆ. ಹೋದದ್ದು ಪೂರ್ತಿ ವಾಪಸ್ ಬರೋದು ಕಷ್ಟ. ಇವತ್ತೇ ಬಿಟ್ರೆ ಇಲ್ಲಿಗೆ ನಿಲ್ಲಬಹುದು. ಬಿಡದಿದ್ರೆ ಕ್ಯಾನ್ಸರಿಗೆ ತಿರುಗಬಹುದು."

ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನಾನು ಹೊತ್ತ ಹರಕೆಗಳನ್ನು ಇನ್ನೂ ತೀರಿಸುತ್ತಿದ್ದೇನೆ. ಸದ್ಯಕ್ಕೆ ಕ್ಯಾನ್ಸರ್ ಅಲ್ಲ ಎಂದು ಬಂತು. ಇವರು ಕವಳ ಬಿಟ್ಟರು. ಬಿಟ್ಟ ಮನುಷ್ಯನ ಜೊತೆ ಒಂದೇ ಮನೆಯಲ್ಲಿರುವುದಕ್ಕಿಂತ ಬೇವಿನ ಹೊಗೆಯೇ ಮೇಲಿತ್ತು. ಊಟವಾದ ಮೇಲೆ ಕೈ ತಾನಾಗಿ ಟೀಪಾಯಿಗೆ ಹೋಗುತ್ತಿತ್ತು. ಅಲ್ಲಿ ತಟ್ಟೆಯಿಲ್ಲದ ಬರಿ ಹಲಗೆ ಸಿಕ್ಕಿ, ಸಿಟ್ಟು ನನ್ನ ಮೇಲೆ ಬರುತ್ತಿತ್ತು. ಟೂತ್‌ಪೇಸ್ಟು ಮಾತ್ರ ಸದ್ದಿಲ್ಲದೆ ಬಚ್ಚಲಿಗೆ ವಾಪಸಾಯಿತು.

ಅಷ್ಟರಲ್ಲಿ ಹಿಂದೆಯೇ ಒಪ್ಪಿಕೊಂಡಿದ್ದ ಒಂದು ಭಾಷಣ ಬಂತು. ಹೆಗ್ಗರಣೆಯ ಹತ್ತಿರ ಇವರ ದೊಡ್ಡಪ್ಪನ ಮಗನ ಮನೆ. ಅಣ್ಣ ಊರವರನ್ನೆಲ್ಲ ಕರೆದು, ವಿಷಮುಕ್ತ ಮನೆಯ ಬಗ್ಗೆ ತಮ್ಮ ಮಾತಾಡುತ್ತಾನೆ ಎಂದು ಸಾರಿದ್ದರು. ಬಂದವರೆಲ್ಲ ಅಡಕೆ ಬೆಳೆಗಾರರು. ಎಲ್ಲರ ಕೆನ್ನೆಯೂ ಒಂದು ಬದಿಗೆ ಉಬ್ಬಿತ್ತು.

ಇವರು ಎದ್ದು ನಿಂತರು. ಶುರುವಾಗುವ ಮೊದಲೇ ಅಣ್ಣ ತಟ್ಟೆ ಹಿಡಿದು ಬಂದರು.

"ತಮಾ, ಒಂದು ಕವಳ ಹಾಕು. ಮತ್ತೆ ಮಾತಾಡು."

"ಬ್ಯಾಡ ಅಣ್ಣಾ. ಆನು ಬಿಟ್ಟಿದ್ದಿ."

ಅಣ್ಣನ ಮುಖ ಸಣ್ಣಗಾಯಿತು. ಜನರ ಎದುರು ತಟ್ಟೆ ವಾಪಸಾಗುವುದೆಂದರೆ ಸಣ್ಣ ಅವಮಾನವಲ್ಲ.

"ಎಂತಕ್ಕೆ ಹೆದರ್ತೆ? ಇದು ನಮ್ಮನೇದೇ ಮಾರಾಯ, ಸಾವಯವ. ಎಂತಾ ಕೆಮಿಕಲ್ಲೂ ಇಲ್ಲೆ. ಕವಳ ಬೇರೆ."

"ಬೇರೆ ಅಲ್ಲ ಅಣ್ಣಾ," ಎಂದರು ಇವರು.

ಬರೆದು ತಂದ ಭಾಷಣ ಜೇಬಿನಲ್ಲೇ ಉಳಿಯಿತು. ಮೂರು ಬೆರಳು ಜೋಡಿಸಿ ಎಲ್ಲರ ಎದುರು ಬಾಯಿಗೆ ಇಟ್ಟುಕೊಂಡು ತೋರಿಸಿದರು. ಎರಡು ಹೋಯಿತು, ಮೂರನೆಯದು ಹೋಗಲಿಲ್ಲ. ಕಣ್ಣಲ್ಲಿ ನೀರು ಬಂತು, ಉರಿಗೋ ನಾಚಿಕೆಗೋ ತಿಳಿಯದು.

"ಇಷ್ಟೇ. ನಂಗೆ ಹೇಳಲೆ ಇಪ್ಪದು ಇದೊಂದೇ. ನಿಂಗಳೂ ನೋಡ್ಕಳಿ," ಎಂದು ಕೂತರು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಡಕೆಯ ಹೆಸರು ಕೆಡಿಸುತ್ತಾನೆ ಎಂದು ಇನ್ಯಾರೋ ಗೊಣಗಿದರು. ಆಮೇಲೆ ಒಬ್ಬರು ಗೋಡೆಯ ಕಡೆ ತಿರುಗಿ ಬಾಯಿಗೆ ಕೈ ಹಾಕಿಕೊಂಡರು. ಅವರ ಪಕ್ಕದವರು ಮೀಸೆ ಒರೆಸಿಕೊಳ್ಳುವ ನೆಪದಲ್ಲಿ ಅದನ್ನೇ ಮಾಡಿದರು. ನೋಡನೋಡುತ್ತಿದ್ದಂತೆ ಕೋಣೆಯ ತುಂಬ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಬಾಯಲ್ಲಿ ಬೆರಳಿಟ್ಟುಕೊಂಡು ಕೂತಿದ್ದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಅಣ್ಣ ಮಾತ್ರ ಇನ್ನೂ ನಡುವೆ ನಿಂತಿದ್ದರು. ಎಡಗೈಯಲ್ಲಿ ತಟ್ಟೆ ಹಾಗೇ ಇತ್ತು. ಬಲಗೈ ಬೆರಳುಗಳನ್ನು ಮೆಲ್ಲಗೆ ಬಾಯಿಗೆ ತಂದರು. ಇನ್ನೊಮ್ಮೆ ಜೋಡಿಸಿಕೊಂಡು ತಂದರು. ಆಮೇಲೆ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.